ಹೆಲ್ಪರ್ ಕೆಲಸಕ್ಕೂ ಬಾರದವನು

ಆಳಂದದವನ ಕನ್ನಡವನ್ನು ಬೆಂಗಳೂರು ಸುಲಭವಾಗಿ ನಂಬುವುದಿಲ್ಲ; ‘ಮಹಾರಾಷ್ಟ್ರನಾ?’ ಎಂದು ಕೇಳುತ್ತದೆ. ಹಾಗಾಗಿ ನಾನೂ ‘ಏನ್ ಗುರೂ’ ಕಲಿತು ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಗೆಳೆಯರನ್ನು ಸಂಪಾದಿಸಲು ಹೊರಟೆ. ಅವರು ಮೊಬೈಲಿನಿಂದ ತಲೆ ಎತ್ತುವಷ್ಟರಲ್ಲಿ ನನ್ನ ಮಹಡಿ ಬಂದುಬಿಡುತ್ತಿತ್ತು.

ಒಂದು ಸಂಜೆ ಪಕ್ಕದ ಸೈಟಿನ ತಗಡಿನ ಶೆಡ್ಡುಗಳಿಂದ ‘ಯಾನ್ ಮಾಡ್ಲತ್ತೀ, ಉಂಡಿಯೇನ್?’ ಎಂದು ಹೆಣ್ಣುಮಗಳೊಬ್ಬಳು ಫೋನಿನಲ್ಲಿ ಕೂಗಿದ್ದು ಕೇಳಿಸಿತು. ಕಾಂಪೌಂಡ್ ಹಾರಿದೆ. ಪ್ಯಾಂಟು ಹರಿಯಿತು, ಅದಿರಲಿ.

‘ಅಕ್ಕಾ, ನಾ ಆಳಂದದಾಂವ!’

‘ಖಾಸ ಆಳಂದೋ, ಹಳ್ಳ್ಯಾಗೋ? ಯಾರ ಪೈಕಿ?’

ನೌಕರಿಯ ಸಂದರ್ಶನದಲ್ಲೂ ನಾನು ಇಷ್ಟು ಬೆವರಿರಲಿಲ್ಲ. ಆಕೆ ಕೊಟ್ಟ ಊರು ಜೇವರ್ಗಿ ಕಡೆ, ತವರು ಅಫಜಲಪುರ ಕಡೆ. ನಮ್ಮ ಸೋದರಮಾವನ ಹೊಲದ ಬಾಜೂ ಹೊಲದವರ ಬೀಗರು ಘತ್ತರಗಿ ಭಾಗ್ಯವಂತಿ ಜಾತ್ರೆಯಲ್ಲಿ ಆಕೆಯ ಅಣ್ಣನಿಗೆ ಸಿಕ್ಕಿದ್ದರೆಂದು ಗೊತ್ತಾದ ಮೇಲೆ ಪಾಸಾದೆ.

ಆ ಅಣ್ಣನೇ ಇಲ್ಲಿನ ಕೂಲಿಯವರ ಮುಕಾದಮ. ಉದ್ಯಾನ್ ಎಕ್ಸ್‌ಪ್ರೆಸ್ಸಿನ ಜನರಲ್ ಬೋಗಿಯಲ್ಲಿ ಮೊದಲು ಬಂದವನು ಅವನು. ಹಿಂದೆ ಅಳಿಯ, ಅಳಿಯನ ಹಿಂದೆ ಅವನ ಓಣಿ. ಊರಲ್ಲಿ ಹೊಲ ನಂಬಿ ಕೂರುವಂತಿಲ್ಲ: ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಮಾನ್ಯತೆ ಸಿಕ್ಕಿದೆ, ಆದರೆ ಮಳೆಗೆ ಅದಿನ್ನೂ ತಿಳಿದಂತಿಲ್ಲ. ಮೊದಲು ಇದೇ ಜನ ಸೊಲ್ಲಾಪುರ, ಪುಣೆ, ಮುಂಬೈ ಹಿಡಿಯುತ್ತಿದ್ದರು. ಈಗ ಗುಳೆ ಹೊರಡುವ ಮುನ್ನವೇ ಯಾರ ಶೆಡ್ಡಿನಲ್ಲಿ ಮಲಗಬೇಕು, ಯಾವ ಅಂಗಡಿಯಲ್ಲಿ ಉದ್ರಿ, ಕೂಸನ್ನು ಯಾವ ಮುದುಕಿ ನೋಡಿಕೊಳ್ಳುತ್ತಾಳೆ, ಎಲ್ಲ ಫೋನಿನಲ್ಲೇ ಬಗೆಹರಿದಿರುತ್ತದೆ. ಶೆಡ್ಡಿನ ಒಂದು ಸಾಲು ಅಫಜಲಪುರ, ಇನ್ನೊಂದು ಜೇವರ್ಗಿ. ಊರಿನಲ್ಲಿದ್ದಂತೆ ನಡುವೆ ಭೀಮಾ ನದಿ ಇರಲಿಲ್ಲ, ಗಟಾರವಿತ್ತು.

ಇಷ್ಟಿದ್ದರೂ ಇವರಿಗೊಬ್ಬ ಮುಂದಾಳು ಬೇಕೆಂದು ನನಗೆ ಅನಿಸಿತು. ಸಂಘ ಕಟ್ಟೋಣ, ಅಧ್ಯಕ್ಷರು ಇರಲಿ (ಯಾರೆಂದು ಹೇಳಲಿಲ್ಲ, ಕೆಮ್ಮಿದೆ) ಅಂದೆ. ‘ಸಂಘ ಯಾಕ್ರಿ? ಎಲ್ಲಾರ ನಂಬರ್ ಅವಲ್ಲ. ಎಮ್ಮೆ ಕಲ್ತೀರಿ, ಇದೀಟು ತುಂಬ್ರಿ’ ಎಂದು ಅಕ್ಕ ಕಟ್ಟಡ ಕಾರ್ಮಿಕರ ಲೇಬರ್ ಕಾರ್ಡಿನ ಅರ್ಜಿ ಕೈಗಿಟ್ಟಳು. ವರ್ಷದಲ್ಲಿ 90 ದಿನ ದುಡಿದ ಪ್ರಮಾಣಪತ್ರ ಬೇಕು ಅದಕ್ಕೆ. ಮುಕಾದಮನ ಹೆಸರನ್ನು ನಾನು ತಂದೆಯ ಕಾಲಮಿನಲ್ಲಿ ಬರೆದೆ. ಅವನಿಗಿಂತ ಹಿರಿಯನಾದ ಗೌಂಡಿಯೊಬ್ಬ ಕಾಗದದ ಮೇಲೆ ಅವನ ಮಗನಾದ.

ಮರ್ಯಾದೆ ಉಳಿಸಿಕೊಳ್ಳಲು ಎಳ್ಳ ಅಮಾಸಿ ಬಂತು. ಅವರಿಗೆ ರಜೆ ಇಲ್ಲ, ನೈವೇದ್ಯದ ಚರಗ ಚೆಲ್ಲಲು ಹೊಲವೂ ಇಲ್ಲ. ಅಕ್ಕ ಕೊಟ್ಟ ಭಜ್ಜಿ, ಸಜ್ಜಿರೊಟ್ಟಿ, ಕಡಬು ಹೊತ್ತು ಎಲ್ಲರ ಪರವಾಗಿ ನಮ್ಮ ಅಪಾರ್ಟ್‌ಮೆಂಟಿನ ಹುಲ್ಲುಹಾಸಿಗೆ ಚರಗ ಚೆಲ್ಲಿದೆ. ಭೂಮಿತಾಯಿಗಿಂತ ಮೊದಲು ಸೆಕ್ಯುರಿಟಿಯವನು ಬಂದ. ಕಸ ಚೆಲ್ಲಿದ್ದಕ್ಕೆ ದಂಡ, ಜೊತೆಗೆ ಫೋಟೊ.

ಸಂಜೆಗೆ ಆಳಂದದಿಂದ ಅವ್ವನ ಫೋನು. ‘ಮನಿ ಬಿಡಿಸ್ಯಾರಂತ, ನೌಕರಿನೂ ಹೋಯ್ತಂತ? ಹೆದರಬ್ಯಾಡ. ಮುಕಾದಮ ಹೆಲ್ಪರ್ ಕೆಲಸ ಕೊಡ್ತಾನಂತ.’

ಸುದ್ದಿ ಸುಳ್ಳೆಂದು ಹೇಳಲು ಶೆಡ್ಡಿಗೆ ಓಡಿದೆ. ಮುಕಾದಮ ಕೇಳಿಸಿಕೊಳ್ಳಲಿಲ್ಲ, ನನ್ನ ಅಂಗೈ ತಿರುವಿ ನೋಡಿದ.

‘ಇವ್ರು ಬುಟ್ಟಿ ಹೊರಾಂಗಿಲ್ಲ. ರಾತ್ರಿ ಸಿಮೆಂಟ್ ಚೀಲ ಕಾಯ್ಲಿ.’

‘ಕಾಯ್ಲಿ,’ ಅಂದಳು ಅಕ್ಕ. ‘ಆದ್ರ ರಿಜಿಸ್ಟರ್ ಮಾತ್ರ ಕೈಗಿ ಕೊಡಬ್ಯಾಡಣ್ಣ.’