ಅಪಹರಣಪೂರ್ವಕ ಅನುರಾಗ

ಸುರಪುರದ ನಾಯಕರ ಕೋಟೆಯಿರುವ ನಮ್ಮ ವನದುರ್ಗದಲ್ಲಿ, ಬೇವಿನೆಲೆಯೂ ಅಲುಗದ ವೈಶಾಖದ ಮಧ್ಯಾಹ್ನಗಳಲ್ಲಿ, ಕರಡಿಯ ಚರ್ಮವನ್ನು ಹೊದ್ದ ವೈಕಿಂಗ್ ವೀರನೊಬ್ಬನ ಪ್ರಣಯವೃತ್ತಾಂತವನ್ನು ಓದುವುದು ದೇಹಕ್ಕೆ ಅತ್ಯಂತ ಪ್ರಯಾಸಕರವಾದ ವ್ಯಾಸಂಗವೆಂದು ಸ್ವಾನುಭವದಿಂದ ಹೇಳಬಲ್ಲೆ. ಇಂತಹ ಕಾದಂಬರಿಗಳ ವಿಧಿಯೆಲ್ಲ ಒಂದೇ: ನಾಯಕನು ಮೊದಲನೆಯ ಅಧ್ಯಾಯದಲ್ಲಿ ಊರನ್ನು ಸುಡುತ್ತಾನೆ, ಎರಡನೆಯದರಲ್ಲಿ ನಾಯಿಕೆಯನ್ನು ಹೆಗಲಮೇಲೆ ಹೊತ್ತು ಹಡಗಿಗೇರಿಸುತ್ತಾನೆ, ಐದನೆಯದರಲ್ಲಿ ದಾಸಿಯಾದ ಆಕೆಗೆ ಜ್ವರ ಬರಲಾಗಿ ತಾನೇ ಗಂಜಿ ಕುಡಿಸುತ್ತಾನೆ, ಆ ಒಂದು ಬಟ್ಟಲು ಗಂಜಿಯಲ್ಲಿ ಆಕೆಯ ತಂದೆ, ಅಣ್ಣಂದಿರು, ಸುಟ್ಟ ಮನೆ ಸಕಲವೂ ಕರಗಿಹೋಗುತ್ತವೆ. ಈ ಸಾರಾಂಶವನ್ನು ಕೇಳಿದ ನನ್ನ ಮನೆಯಾಕೆ, ಜೋಳ ಹಸನು ಮಾಡುತ್ತಿದ್ದ ಮೊರದಿಂದ ಕಣ್ಣೆತ್ತದೆ, "ಕದ್ದೊಯ್ದ ಎಮ್ಮಿ ಹಾಲು ಕೊಟ್ರ ಕಳ್ಳ ಮಾಲಕ ಆಗ್ತಾನೇನ್ರೀ?" ಎಂದಳು. ವಿಮರ್ಶೆಯಲ್ಲಿ ಇಷ್ಟು ಸಂಕ್ಷೇಪ ನನಗೆಂದೂ ಸಾಧಿಸಿದ್ದಿಲ್ಲ.

ಪರದೇಶದ ಆ ಜೋಡಿ ಯಾವ ಭಾಷೆಯಲ್ಲಿ ಸರಸವಾಡಿತೆಂಬುದು ನನ್ನ ಇನ್ನೊಂದು ಸಂಶಯ. ನಮ್ಮ ಭೀಮಾತೀರದಲ್ಲಿ ಫಿರೋಜಾಬಾದನ್ನು ಕಟ್ಟಿಸಿದ ಬಹಮನಿ ಸುಲ್ತಾನ ಫಿರೋಜ್ ಷಹನು, ಫೆರಿಷ್ತಾ ಬರೆದಿರುವಂತೆ, ಅಂತಃಪುರದ ನಾನಾ ದೇಶದ ಸ್ತ್ರೀಯರೊಡನೆ ಅವರವರ ಭಾಷೆಯಲ್ಲಿಯೇ ಮಾತಾಡುತ್ತಿದ್ದನಂತೆ. ಅವರು ಏನುತ್ತರವಿತ್ತರೆಂಬ ಗೋಜಿಗೆ ಚರಿತ್ರಕಾರನು ಹೋಗಿಲ್ಲ. ಆದರೆ ಮುದಗಲ್ಲಿನ ಅಕ್ಕಸಾಲಿಗನ ಮಗಳ ಉತ್ತರವನ್ನು ಆತನೇ ದಾಖಲಿಸಿದ್ದಾನೆ. ವಿಜಯನಗರದ ಮೊದಲನೆಯ ದೇವರಾಯನು ಆಕೆಯ ರೂಪವನ್ನು ಕೇಳಿಯೇ ಮೋಹಿತನಾಗಿ ಹೇಳಿಕಳುಹಿಸಿದಾಗ, ತಾಯಿತಂದೆಗಳು ಹಿಗ್ಗಿದರೂ, ಅರಮನೆ ಹೊಕ್ಕ ಹೆಣ್ಣು ಮತ್ತೆ ತವರಿನವರ ಮುಖ ಕಾಣಳೆಂದು ಆಕೆ ಒಲ್ಲೆನೆಂದಳು. 1406ರಲ್ಲಿ ರಾಯನು ಸೈನ್ಯವನ್ನೇ ಕಳುಹಿಸಿದನು. ಸೈನ್ಯ ಬರುವಷ್ಟರಲ್ಲಿ ಕುಟುಂಬವೆಲ್ಲ ಪರಾರಿ! ಅದರಿಂದ ಕೆರಳಿದ ಯುದ್ಧದಲ್ಲಿ ಗೆದ್ದ ಫಿರೋಜನು ಆಕೆಯನ್ನು ತನ್ನ ಮಗ ಹಸನ್ ಖಾನನಿಗೆ ಮದುವೆ ಮಾಡಿಸಿದನು. ರಕ್ಷಕರೂ ಬರಿಗೈಯಲ್ಲಿ ಹಿಂದಿರುಗುವವರಲ್ಲ.

ಕಾದಂಬರಿಕಾರರು ವೈಕಿಂಗರ ಸಂತತಿಯವರೇ ಬರೆದುದನ್ನು ಓದಿದ್ದರೆ ಅವರ ಗಂಜಿಯು ಅಷ್ಟು ಸಿಹಿಯಾಗುತ್ತಿರಲಿಲ್ಲ. ಐಸ್‌ಲ್ಯಾಂಡಿನ ಲಾಕ್ಸ್‌ಡೇಲಾ ಸಾಗಾದಲ್ಲಿ, ಹೊಸ್ಕುಲ್ಡನೆಂಬ ಸಿರಿವಂತನು 3 ಮಾರ್ಕು ಬೆಳ್ಳಿ ತೆತ್ತು, ಉಳಿದ ದಾಸಿಯರ ಮೂರುಪಟ್ಟು ಬೆಲೆಗೆ, ಮೂಗಿಯೆಂದು ತಿಳಿದೂ ಒಬ್ಬಳನ್ನು ಕೊಳ್ಳುತ್ತಾನೆ. ಆಕೆ ಅವನೊಡನೆ ತುಟಿ ಪಿಟ್ಟೆನ್ನಲಿಲ್ಲ. ಒಂದು ಮುಂಜಾನೆ ತೊರೆಯ ಬಳಿ ತನ್ನ ಪುಟ್ಟ ಮಗನೊಡನೆ ಸ್ವಚ್ಛಂದವಾಗಿ ಹರಟುತ್ತಿದ್ದಾಗ ಸಿಕ್ಕಿಬಿದ್ದಳು. ಐರಿಷ್ ರಾಜನ ಮಗಳು ಮೆಲ್ಕೊರ್ಕಾ ಎಂಬುದು ಆಗ ಬಯಲಾಯಿತು. ಹೊಸ್ಕುಲ್ಡನ ಹೆಂಡತಿ ಕಾಲುಚೀಲದಿಂದ ಅವಳ ತಲೆಗೆ ಬಾರಿಸಿದಾಗ ಮೆಲ್ಕೊರ್ಕಾ ಗುದ್ದಿದ ಗುದ್ದಿಗೆ ಮೂಗಿನಿಂದ ರಕ್ತ ಸುರಿಯಿತಂತೆ. ಬಳಿಕ ಆತನು ಅವಳಿಗೆ ಬೇರೆ ಮನೆ ಹಾಕಿಕೊಟ್ಟನು. ಮಗನು ಪ್ರಾಯಕ್ಕೆ ಬಂದಾಗ ಅವನನ್ನು ಐರ್ಲೆಂಡಿಗೆ, ತನ್ನ ತಂದೆಯ ಬಳಿಗೆ ಕಳುಹಿಸಲು ಹಣ ಬೇಕಾಗಿ, ಹೊಸ್ಕುಲ್ಡನು ಊರಲ್ಲಿಲ್ಲದ ಸಮಯ ನೋಡಿ ಆಕೆ ಬೇರೊಬ್ಬನನ್ನು ಮದುವೆಯಾದಳು.