ವಯಸ್ಸು ಕೇಳಿದ್ದಕ್ಕೆ ಇಷ್ಟು ರಂಪವೇ?

ಎಕ್ಸೆಪ್ಶನ್ ಪಾಠ ಆಗುವವರೆಗೂ ಪ್ರೋಗ್ರಾಮಿಂಗ್ ಕಲಿಯುವ ಹುಡುಗರು ಸಾಧುಪ್ರಾಣಿಗಳು. ಪಾಠ ಮುಗಿದ ಮರುದಿನದಿಂದ ನೋಡಿ, ಸಿಕ್ಕಸಿಕ್ಕಲ್ಲಿ ಎಸೆತ! ‘ನಿಮ್ಮ ವಯಸ್ಸೆಷ್ಟು?’ ಅಂತ ಕೇಳುವುದು, ಎದುರಿನವರು ‘ಹದಿನೆಂಟು’ ಅಂತ ಅಕ್ಷರದಲ್ಲಿ ಟೈಪಿಸಿದರೆ ಸಿಟ್ಟಾಗಿ ಎಕ್ಸೆಪ್ಶನ್ ಎಸೆಯುವುದು, ಎರಡು ಸಾಲು ಕೆಳಗೆ ತಾವೇ ಓಡಿಹೋಗಿ ಅದನ್ನು ಹಿಡಿಯುವುದು. ಒಂದು ‘ಇಫ್’ ಹಾಕಿದ್ದರೆ ಮುಗಿಯುತ್ತಿತ್ತಲ್ಲ ಮಾರಾಯ!

ಇನ್ನು ಕೆಲವರು ಎಸೆದು ಕೈತೊಳೆದುಕೊಳ್ಳುತ್ತಾರೆ. ಪರದೆ ತುಂಬ ಕೆಂಪಕ್ಷರ, ಪ್ರೋಗ್ರಾಂ ಗೋತಾ. ಬಸ್ಸಿನಲ್ಲಿ ಕಂಡಕ್ಟರ್ ‘ಎಲ್ಲಿಗೆ?’ ಅಂದಾಗ ಯಾರೋ ‘ಮುಂದಕ್ಕೆ’ ಅಂದರೆ ಬಸ್ಸನ್ನೇ ಡಿಪೋಗೆ ತಿರುಗಿಸುತ್ತಾರೆಯೇ? ‘ಮುಂದಕ್ಕೆ ಅಂದ್ರೆ ಎಲ್ಲಿಗೆ ಸ್ವಾಮಿ?’ ಅಂತ ಇನ್ನೊಂದು ಸಲ ಕೇಳುತ್ತಾರೆ, ಅಷ್ಟೆ.

ಜನ ತಪ್ಪು ಟೈಪ್ ಮಾಡುವುದು ದಿನನಿತ್ಯದ ಕಥೆ. ಎಕ್ಸೆಪ್ಶನ್ ಇರುವುದು ಅಪರೂಪದ ಸಂದರ್ಭಕ್ಕೆ ಎಂದು ಜೋಶುವಾ ಬ್ಲಾಕ್ ‘ಎಫೆಕ್ಟಿವ್ ಜಾವಾ’ ಪುಸ್ತಕದಲ್ಲಿ 2001ರಲ್ಲೇ ಬರೆದರು. 2004ರಲ್ಲಿ ಅದೇ ಜಾವಾಕ್ಕೆ, ಟೈಪಿಸಿದ್ದನ್ನು ಓದಿಕೊಳ್ಳುವ ಸ್ಕ್ಯಾನರ್ ಬಂತು. ಅದರ ‘ನೆಕ್ಸ್ಟ್‌ಇಂಟ್’ಗೆ ಅಕ್ಷರ ಕೊಟ್ಟರೆ ಎಕ್ಸೆಪ್ಶನ್ ಎಸೆಯುತ್ತದೆ, ಆದರೆ ಆ ಅಕ್ಷರವನ್ನು ನುಂಗುವುದಿಲ್ಲ, ಅಲ್ಲೇ ಬಿಡುತ್ತದೆ. ನಮ್ಮ ಹುಡುಗ ಲೂಪಿನೊಳಗೆ ಟ್ರೈ-ಕ್ಯಾಚ್ ಹಾಕಿ ಮೀಸೆ ತಿರುವುತ್ತಾನೆ; ಅದೇ ‘ಹದಿನೆಂಟು’ ಮತ್ತೆ ಮತ್ತೆ ಎದುರಾಗಿ ‘ತಪ್ಪು ತಪ್ಪು ತಪ್ಪು’ ಎಂದು ಪರದೆ ನಿಲ್ಲದೆ ಓಡುತ್ತದೆ. ಉಳಿದ ಸಾಲನ್ನು ‘ನೆಕ್ಸ್ಟ್‌ಲೈನ್’ನಿಂದ ಓದಿ ಬಿಸಾಡಿದ್ದರೆ ಸಾಕಿತ್ತು. ಬಂದದ್ದು ಅಂಕಿಯೋ ಅಲ್ಲವೋ ಎಂದು ಮೊದಲೇ ಹೇಳುವ ‘ಹ್ಯಾಸ್‌ನೆಕ್ಸ್ಟ್‌ಇಂಟ್’ ಪಕ್ಕದಲ್ಲೇ ಕೂತಿದೆ, ಪಾಪ, ಅದನ್ನು ಮಾತಾಡಿಸುವವರೇ ಇಲ್ಲ. ಸಿ ಶಾರ್ಪ್‌ನವರು ಇಂಥ ಎಸೆತ ತಪ್ಪಿಸಲು 2005ರ ಡಾಟ್‌ನೆಟ್ 2.0ದಲ್ಲಿ ಪೂರ್ಣಾಂಕಗಳಿಗೂ ‘ಟ್ರೈಪಾರ್ಸ್’ ಕೊಟ್ಟರು: ಆಯಿತೋ ಇಲ್ಲವೋ ಅಂತ ಹೇಳುತ್ತದೆ, ಕೂಗಾಡುವುದಿಲ್ಲ.

ಪೈಥಾನ್‌ನ ‘ಇಂಟ್’ ತಾನೇ ಎಸೆಯುತ್ತದೆ, ಹಿಡಿಯದೆ ವಿಧಿಯಿಲ್ಲ, ಅದು ಬೇರೆ ಮಾತು. ಅದರ ಗುಣವೂ ವಿಚಿತ್ರವೇ. ಕನ್ನಡ ಅಂಕಿಯಲ್ಲಿ ‘೧೮’ ಅಂತ ಕೊಡಿ, ಸಂತೋಷವಾಗಿ ಹದಿನೆಂಟು ಎನ್ನುತ್ತದೆ. ‘18 ವರ್ಷ’ ಅಂತ ಮರ್ಯಾದೆಯಾಗಿ ಬರೆದರೆ ವ್ಯಾಲ್ಯೂಎರರ್. ‘-18’ ಅಂದರೆ ಮಾತ್ರ ಚಕಾರವಿಲ್ಲ! ಹುಟ್ಟದೇ ಇದ್ದವರ ವಯಸ್ಸನ್ನೂ ಒಪ್ಪಿಕೊಳ್ಳುವ ಈ ಕಾವಲುಗಾರನ ಮೇಲೆ ಭಾರ ಹಾಕಿ ಹುಡುಗ ನಿದ್ದೆಹೋಗಿರುತ್ತಾನೆ.

ಎಸೆಯಲೇಬಾರದೆಂದು ನಾನು ಹೇಳುತ್ತಿಲ್ಲ. ಲೆಕ್ಕ ಮಾಡುವ ಫಂಕ್ಷನ್ನಿಗೆ ಆ ‘-18’ ಬಂದು ಬಿದ್ದರೆ ಧಾರಾಳವಾಗಿ ಎಸೆಯಿರಿ; ಅಲ್ಲಿ ಯಾರನ್ನು ಕೇಳುತ್ತೀರಿ? ಕೀಬೋರ್ಡ್ ಮುಂದೆ ಮನುಷ್ಯರೇ ಕೂತಿರುವಾಗ ಮಾತ್ರ ಒಂದು ವೈಲ್ ಲೂಪ್ ಹಾಕಿ, ‘ವಯಸ್ಸನ್ನು ಅಂಕಿಯಲ್ಲಿ ಬರೆಯಿರಿ’ ಅಂತ ಇನ್ನೊಂದು ಸಲ ಕೇಳಿಬಿಡಿ.