ಓ.ಡಿ. ಎಂದರೆ ದ.ಕ.

35 ವರ್ಷ ಬ್ಯಾಂಕಿನಲ್ಲಿ ಕೂತು ಎದ್ದವನಿಗೆ ಓ.ಡಿ. ಎಂದರೆ ಓವರ್‌ಡ್ರಾಫ್ಟ್. ಖಾತೆಯಲ್ಲಿ ಇಲ್ಲದ ಹಣವನ್ನು ತೆಗೆಯಲು ಕೊಟ್ಟ ಅಪ್ಪಣೆ. ಓ.ಎಸ್. ಎಂದರೆ ಔಟ್‌ಸ್ಟ್ಯಾಂಡಿಂಗ್. ಹಾಗೆ ತೆಗೆದವರು ಕಟ್ಟದೆ ಉಳಿಸಿದ ಬಾಕಿ. ಆದ್ದರಿಂದ ಕಣ್ಣಿನ ಡಾಕ್ಟರು ಕೊಟ್ಟ ಚೀಟಿಯಲ್ಲಿ ಇವೆರಡೂ ಒಂದರ ಕೆಳಗೊಂದು ಕೂತದ್ದನ್ನು ಕಂಡಾಗ ನನ್ನ ಎದೆ ಧಸಕ್ಕೆಂದಿತು. ಇನ್ನೂ ಕೆಳಗೆ ಟಿ.ಡಿ.ಎಸ್. ಬೇರೆ! ನಿವೃತ್ತನಾದ ಮೇಲೆ ಕಣ್ಣೀರಿನಿಂದಲೂ ಮೂಲದಲ್ಲೇ ತೆರಿಗೆ ಕಡಿತವೇ?

ಬಲಗಣ್ಣಿಗೆ ಪೊರೆ ಬಂದಿದೆ, ತೆಗೆಯಬೇಕು ಎಂದಿದ್ದರು ಡಾಕ್ಟರು. ಚೀಟಿಯನ್ನು ಅವರು ವಿವರಿಸಿಯೂ ಇದ್ದರು. ನಾನು ತಲೆ ಅಲ್ಲಾಡಿಸಿದ್ದೆ. ಡಾಕ್ಟರ ಎದುರು ಅಲ್ಲಾಡುವ ತಲೆಗೂ ಒಳಗಿನ ಬುದ್ಧಿಗೂ ಸಂಬಂಧವಿಲ್ಲವೆಂಬುದು ಮನೆ ಮುಟ್ಟಿದ ಮೇಲೆಯೇ ಗೊತ್ತಾಗುವುದು.

ನಮ್ಮ ಮನೆ ಇರುವುದು ಶಕ್ತಿನಗರದಲ್ಲಿ. ರಾಯಚೂರಿನದ್ದಲ್ಲ, ಅಲ್ಲಿ ಕಲ್ಲಿದ್ದಲು ಸುಟ್ಟು ಕರೆಂಟು ಮಾಡುತ್ತಾರೆ. ಮಂಗಳೂರಿನ ನಮ್ಮ ಶಕ್ತಿನಗರಕ್ಕೆ ಬೇರೆಯೇ ಶಕ್ತಿ, ನಾಲಿಗೆಯದ್ದು. ವಿಶ್ವ ಕೊಂಕಣಿ ಕೇಂದ್ರ ಇಲ್ಲಿದೆ, ಕೊಂಕಣಿ ಸಂಸ್ಥೆ ಮಾಂಡ್ ಸೊಭಾಣ್‌ನವರ ಕಲಾಂಗಣ್ ಇಲ್ಲಿದೆ. 2008ರಲ್ಲಿ ಇದೇ ಕಲಾಂಗಣ್‌ನಲ್ಲಿ 40 ಗಂಟೆ ಬಿಡದೆ ಕೊಂಕಣಿಯಲ್ಲಿ ಹಾಡಿ ಗಿನ್ನೆಸ್ ದಾಖಲೆ ಮಾಡಿದರು. ಹಾಲಿನ ಅಂಗಡಿಗೆ ಹೋಗಿ ಬರುವಷ್ಟರಲ್ಲಿ ತುಳು, ಕೊಂಕಣಿ, ಬ್ಯಾರಿ, ಕನ್ನಡ ನಾಲ್ಕೂ ಕಿವಿಗೆ ಬೀಳುತ್ತವೆ. ಇಂಥ ಊರಿನಲ್ಲಿ ಒಂದು ಚೀಟಿ ಓದಲಾಗದೆ ಗೇಟಿನಲ್ಲಿ ನಿಂತೆನಲ್ಲ ಎಂಬುದೇ ನನ್ನ ನಾಚಿಕೆ.

"ಎಂತ ಭಟ್ರೇ, ಚೀಟಿ ಹಿಡ್ಕೊಂಡು ನಿಂತದ್ದು?" ಎಂದರು ನೆರೆಮನೆಯ ಪೊರ್ಬುಗಳು. ಕುಲಶೇಖರದ ಇಗರ್ಜಿಯಲ್ಲಿ ಬಾಲ್ಯ ಕಳೆದವರು. 1873ರಲ್ಲಿ ಫ್ರಾದ್ ಸಾಯ್ಬ್ ಎಂದು ಜನ ಕರೆಯುತ್ತಿದ್ದ ಫ್ರೆಂಚ್ ಪಾದ್ರಿ ಕಟ್ಟಿಸಿದ ಇಗರ್ಜಿ ಅದು.

ಚೀಟಿ ಕೊಟ್ಟೆ. ದೂರ ಹಿಡಿದರು, ಹತ್ತಿರ ಹಿಡಿದರು. "ಇದು ಲ್ಯಾಟಿನ್ ಅಲ್ವಾ ಮಾರಾಯ್ರೆ!"

ಕಳೆದುಹೋದ ಹಸು ಸಿಕ್ಕಿದಷ್ಟು ಸಂತೋಷ ಅವರಿಗೆ. ಅವರ ಬಾಲ್ಯದಲ್ಲಿ ಪೂಜೆಯೆಲ್ಲ ಲ್ಯಾಟಿನ್ನಿನಲ್ಲೇ. 1962ರಿಂದ 65ರವರೆಗೆ ನಡೆದ ವ್ಯಾಟಿಕನ್ ಮಹಾಸಭೆಯ ನಂತರವೇ ದೇವರಿಗೆ ಕೊಂಕಣಿಯಲ್ಲಿ ಹೇಳಿದರೂ ತಿಳಿಯುತ್ತದೆ ಎಂದಾದದ್ದು. ಪೀಠದ ಬಳಿ ಮೊಣಕಾಲೂರಿ ಅರ್ಥ ಗೊತ್ತಿಲ್ಲದ ಮಾತುಗಳನ್ನು ಪಟಪಟನೆ ಒಪ್ಪಿಸುತ್ತಿದ್ದ ಹುಡುಗ, 60 ವರ್ಷದ ಮೇಲೆ ನನ್ನ ಗೇಟಿನಲ್ಲಿ ಅದರ ಅರ್ಥ ಹುಡುಕತೊಡಗಿದ. "ದೆಕ್ಸ್ತೆರ್ ಅಂದ್ರೆ ಬಲ. ಯೇಸು ತಂದೆಯ ಬಲಬದಿಗೆ ಕೂತದ್ದು ಹಾಗೇ ಬರ್ತದೆ." ಅವರಿಗೆ ತಿಳಿಯದ್ದಕ್ಕೆ ಕುವೈತಿನಲ್ಲಿ ನರ್ಸ್ ಆಗಿರುವ ಮಗಳಿಗೆ ವಾಟ್ಸಾಪು ಹೋಯಿತು.

ಓಕುಲುಸ್ ದೆಕ್ಸ್ತೆರ್, ಬಲಗಣ್ಣು: ಓ.ಡಿ. ಓಕುಲುಸ್ ಸಿನಿಸ್ತೆರ್, ಎಡಗಣ್ಣು: ಓ.ಎಸ್. ಓಕುಲುಸ್ ಊತೆರ್ಕ್ವೆ, ಎರಡೂ ಕಣ್ಣು: ಓ.ಯು. ಬಿಸ್ ಇನ್ ದೀಯೆ, ದಿನಕ್ಕೆರಡು ಬಾರಿ: ಬಿ.ಡಿ. ನಾನು ಹೆದರಿದ್ದ ಟಿ.ಡಿ.ಎಸ್., ತೆರ್ ದೀಯೆ ಸುಮೆಂದುಮ್, ದಿನಕ್ಕೆ ಮೂರು ಬಾರಿ. ಕ್ಯೂ.ಐ.ಡಿ. ನಾಲ್ಕು ಬಾರಿ. ಎಚ್.ಎಸ್. ಅಂದರೆ ಹೋರಾ ಸೋಮ್ನಿ, ನಿದ್ದೆಯ ಹೊತ್ತು. ತೆರಿಗೆ ಇಲಾಖೆಗೂ ಇದಕ್ಕೂ ಏನೂ ಸಂಬಂಧವಿಲ್ಲ.

ರಾತ್ರಿ ಮಲಗಿದರೆ ಆ ಮಾತುಗಳೇ ತಲೆಯಲ್ಲಿ ಸುತ್ತಿದವು. ಎಲ್ಲೋ ಕಂಡ ಮುಖಗಳು! ದೆಕ್ಸ್ತೆರ್ ಎಂದರೆ ನಮ್ಮ ಸಂಸ್ಕೃತದ ದಕ್ಷಿಣ. ಓಕುಲುಸ್ ಅಕ್ಷಿಯ ದಾಯಾದಿ. ಬಿಸ್, ತೆರ್, ಕ್ವಾತೆರ್ ಎಂದರೆ ದ್ವಿ, ತ್ರಿ, ಚತುರ್. ದೀಯೆ ದಿವಸದ ಮನೆತನದ್ದು, ಸೋಮ್ನಿ ಸ್ವಪ್ನದ ತಂಗಿ. ಇನ್ನು ಹೋರಾ, ನಮ್ಮ ಜೋಯಿಸರು ಜಾತಕದಲ್ಲಿ ಬರೆಯುವ ಹೋರೆಯೇ. ಅವರೂ ರೋಮಿನವರೂ ಅದನ್ನು ಗ್ರೀಕರಿಂದ ಕಡ ತಂದವರು, ಇಬ್ಬರೂ ತೀರಿಸಿಲ್ಲ. ಮೂಡಕ್ಕೆ ಮುಖ ಮಾಡಿ ನಿಂತರೆ ಬಲಗೈ ತೆಂಕಿಗೆ. ಅದಕ್ಕೇ ಬಲಕ್ಕೂ ತೆಂಕಿಗೂ ದಕ್ಷಿಣವೆಂಬ ಒಂದೇ ಹೆಸರು. ಆ ಲೆಕ್ಕದಲ್ಲಿ ನನ್ನ ಬಲಗಣ್ಣು ತೆಂಕುತಿಟ್ಟು, ಎಡಗಣ್ಣು ಬಡಗುತಿಟ್ಟು. ಓ.ಡಿ.ಯನ್ನು ಕನ್ನಡಕ್ಕೆ ತಂದರೆ ದಕ್ಷಿಣ ಕಣ್ಣು, ಚಿಕ್ಕದಾಗಿ ದ.ಕ. ಹುಟ್ಟಿದಂದಿನಿಂದ ಪ್ರತಿ ವಿಳಾಸದ ಕೊನೆಗೆ ಬರೆಯುತ್ತ ಬಂದದ್ದು ನನ್ನ ಬಲಗಣ್ಣನ್ನೇ!

ಎಡದ ಪಾಡು ಮಾತ್ರ ಎಲ್ಲ ಕಡೆಯೂ ಒಂದೇ. ಸಿನಿಸ್ತೆರ್ ಇಂಗ್ಲಿಷಿಗೆ ಬಂದು ಸಿನಿಸ್ಟರ್ ಆಗಿ ಕೇಡಿನ ಪಾಲಾಯಿತು. ನಮ್ಮಲ್ಲಿ ವಾಮದಿಂದ ವಾಮಾಚಾರ. ಪೊರ್ಬುಗಳ ಬೈಬಲ್ಲಿನಲ್ಲೂ ಕೊನೆಯ ತೀರ್ಪಿನ ದಿನ ಕುರಿಗಳು ಬಲಕ್ಕೆ, ಆಡುಗಳು ಎಡಕ್ಕೆ. ಪಾಪ, ಆಡು ಮಾಡಿದ ತಪ್ಪೇನು?

ಬೆಳಿಗ್ಗೆ ಈ ಸಂಶೋಧನೆಯನ್ನು ಹೆಂಡತಿಗೆ ಒಪ್ಪಿಸಿದೆ. ಅವಳು ಕಾಫಿ ಲೋಟ ಇಟ್ಟು, ಚೀಟಿಯ ಕೊನೆಯ ಸಾಲಿಗೆ ಬೆರಳಿಟ್ಟಳು. "ಬಿ.ಪಿ. ಮಾತ್ರೆಗೂ ಓ.ಡಿ. ಅಂತ ಉಂಟಲ್ಲ. ಅದನ್ನು ಬಲಗಣ್ಣಿಗೆ ಹಾಕುದಾ?"

ಮತ್ತೆ ಗೇಟಿಗೆ ಓಡಿದೆ, ಮತ್ತೆ ಕುವೈತಿಗೆ ವಾಟ್ಸಾಪು. ಮಾತ್ರೆಯ ಓ.ಡಿ. ಬೇರೆಯಂತೆ: ಓಮ್ನಿ ದೀಯೆ, ದಿನಕ್ಕೊಮ್ಮೆ. ಓಮ್ನಿ ಎಂದರೆ ಎಲ್ಲ. ಹತ್ತು ಜನರನ್ನು ತುಂಬಿಸಿಕೊಂಡು ಮದುವೆಗೆ ಹೋಗುತ್ತಿದ್ದ ಆ ಮಾರುತಿ ವ್ಯಾನಿಗೆ ಆ ಹೆಸರು ಯಾಕೆಂದು ಅಂದು ತಿಳಿಯಿತು. ಒಂದೇ ಚೀಟಿಯಲ್ಲಿ ಒಂದೇ ಎರಡಕ್ಷರಕ್ಕೆ ಎರಡು ಅರ್ಥ. ಅಮೆರಿಕದ ಔಷಧ ಸುರಕ್ಷತೆಯ ಸಂಸ್ಥೆಯೊಂದು ಓ.ಡಿ., ಓ.ಎಸ್., ಓ.ಯು. ಮೂರನ್ನೂ ತಪ್ಪಿಗೆ ದಾರಿಯಾಗುವ ಅಕ್ಷರಗಳ ಪಟ್ಟಿಗೆ ಸೇರಿಸಿದ್ದು ಸುಮ್ಮನೆ ಅಲ್ಲ. ಅವಸರದಲ್ಲಿ ಬರೆದ ಓ.ಡಿ. ಎ.ಡಿ.ಯಂತೆ ಕಂಡರೆ ಅದು ಬಲಗಿವಿ. ನಮ್ಮಲ್ಲಿ 2024ರಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷ ಪುರುಷೋತ್ತಮ ಬಿಳಿಮಲೆಯವರು ಸರ್ಕಾರಿ ವೈದ್ಯರು ಕನ್ನಡದಲ್ಲೇ ಚೀಟಿ ಬರೆಯಲಿ ಎಂದಾಗ ಪೇಪರು ಓದಿ ನಕ್ಕವರಲ್ಲಿ ನಾನೂ ಒಬ್ಬ. ಆಗ ನನಗೆ ಪೊರೆ ಬಂದಿರಲಿಲ್ಲ, ಅಥವಾ ಬಂದದ್ದು ಗೊತ್ತಿರಲಿಲ್ಲ.

ಡಾಕ್ಟರನ್ನು ದೂರುವ ಮುಖ ನನಗಿಲ್ಲ. ಹಳ್ಳಿಯ ಶಾಖೆಯಲ್ಲಿದ್ದಾಗ ತೋಟದ ಸಾಲದ ಅಜ್ಜನೊಬ್ಬರು ಕಾಗದದಲ್ಲಿದ್ದ ಓ.ಎಸ್. ತೋರಿಸಿ "ಇದೆಂತ ಸಾರ್?" ಎಂದು ಕೇಳಿದ್ದರು. "ಅದು ನಮಗೆ ಗೊತ್ತಾಗ್ಲಿಕ್ಕೆ" ಎಂದಿದ್ದೆ. ಬಾಕಿ ಇದ್ದದ್ದು ಅವರ ಲೆಕ್ಕದಲ್ಲಿ, ಗೊತ್ತಾಗಬೇಕಾದದ್ದು ನಮಗೆ! ಅಜ್ಜ ತಲೆ ಅಲ್ಲಾಡಿಸಿ ಹೋಗಿದ್ದರು. ಮೊನ್ನೆ ಡಾಕ್ಟರ ಎದುರು ನಾನು ಅಲ್ಲಾಡಿಸಿದೆನಲ್ಲ, ಹಾಗೆಯೇ.

ಹೆಂಡತಿ ಲ್ಯಾಟಿನ್ನಿನ ಸಹವಾಸಕ್ಕೆ ಹೋಗಲಿಲ್ಲ. ಬಲಗಣ್ಣಿನ ಬಾಟ್ಲಿಗೆ ತನ್ನ ಕೆಂಪು ಬೊಟ್ಟು ಅಂಟಿಸಿದಳು, ಎರಡು ಕಣ್ಣಿಗೂ ಬಿಡುವುದಕ್ಕೆ ಎರಡು ಬೊಟ್ಟು. ಬಿ.ಪಿ. ಮಾತ್ರೆಯನ್ನು ಕಾಫಿ ಡಬ್ಬಿಯ ಪಕ್ಕ ಇಟ್ಟಳು. ದಿನಕ್ಕೊಮ್ಮೆ ಎಂಬುದಕ್ಕೆ ಬೇರೆ ಅಕ್ಷರ ಬೇಕಾಗಲಿಲ್ಲ.

ಆಪರೇಷನ್ನಿನ ಬೆಳಿಗ್ಗೆ ಹಸಿರು ಟೊಪ್ಪಿ ಹಾಕಿ ಕೂರಿಸಿದ್ದರು. ಸಿಸ್ಟರ್ ಹುಡುಗಿಯೊಬ್ಬಳು ಮಾರ್ಕರ್ ಪೆನ್ನು ಹಿಡಿದು ಬಂದಳು. "ಅಜ್ಜ, ಆಪರೇಷನ್ ಯಾವ ಕಣ್ಣಿಗೆ?"

ನಾಲ್ಕು ದಿನದ ಪಾಂಡಿತ್ಯ ನಾಲಿಗೆಯ ತುದಿಯಲ್ಲೇ ಇತ್ತು. "ಓಡಿ" ಎಂದೆ.

"ಎಲ್ಲಿಗೆ ಓಡುದು ಅಜ್ಜ? ಹೆದರ್ಬೇಡಿ, ಸ್ವಲ್ಪ ಹೊತ್ತಿನ ಕೆಲಸ. ಯಾವ ಕಣ್ಣು ಹೇಳಿ."

ಉಣ್ಣುವ ಕೈ ಯಾವುದೆಂದು ಒಮ್ಮೆ ನೋಡಿಕೊಂಡೆ. ಆ ಬದಿಯ ಕಣ್ಣಿಗೆ ಬೆರಳು ತೋರಿಸಿ, "ಇದು" ಎಂದೆ. ಅವಳು ಹುಬ್ಬಿನ ಮೇಲೆ ಒಂದು ಬಾಣ ಎಳೆದಳು.